ಬೇಸಿಗೆಯ ತೊಟ್ಟಿಲು ಕಾರ್ಯಕ್ಕೆ ಮನೆಯ ನಾನ್‌ಖಟಾಯಿ ಮತ್ತು ಕೈಹೊಲಿಗೆಯ ಕೌದಿ: ಸಲಹೆ ಬೇಕು

ಪ್ರಶ್ನೆ (ಕಲಬುರಗಿ)

ಎಲ್ಲರಿಗೂ ಶರಣು ಶರಣಾರ್ಥಿ. ಬಾಣಂತನಕ್ಕೆಂದು ಬೀದರಿನ ತವರಿಗೆ ಬಂದಿರುವ ನನ್ನ ಬಾಲ್ಯದ ಗೆಳತಿಯ ಮಗುವಿಗೆ ಬಸವ ಜಯಂತಿಯ ಮುಂದಿನ ವಾರ ತೊಟ್ಟಿಲು ಕಾರ್ಯ ಗೊತ್ತಾಗಿದೆ. ಅಂಗಡಿಯಿಂದ ಉಡುಗೊರೆ ತರುವ ಮನಸ್ಸಿಲ್ಲ. ತಾಯಿಗೆ ಮನೆಯಲ್ಲೇ ಬೇಯಿಸಿದ ನಾನ್‌ಖಟಾಯಿ ಮತ್ತು ಮಗುವಿಗೆ ನನ್ನ ಕೈಯಿಂದ ಹೊಲಿದ ಸಣ್ಣ ಕೌದಿ ಕೊಡಬೇಕೆಂದು ನಿಶ್ಚಯಿಸಿದ್ದೇನೆ.

ಮೈದಾ ಬಳಸುವ ಬದಲು ನಮ್ಮ ಬಿಳಿಜೋಳದ ಹಿಟ್ಟಿನಲ್ಲಿ ಖಟಾಯಿ ಮಾಡಬೇಕೆಂಬುದು ನನ್ನ ಆಸೆ. ಆದರೆ ಚಳಿಗಾಲದಲ್ಲಿ ಚೆನ್ನಾಗಿ ಬರುವ ಅದೇ ಅಳತೆ ಈ ಬಿಸಿಲಿನಲ್ಲಿ ತಟ್ಟೆಯ ತುಂಬ ಹರಡಿಕೊಳ್ಳುತ್ತದೆ. ಜೋಳದ ಪ್ರಮಾಣ ಹೆಚ್ಚಿಸಿದರೆ ಕೈಗೆತ್ತಿಕೊಳ್ಳುವಾಗಲೇ ಪುಡಿಯಾಗುತ್ತದೆ. ನನ್ನ ಬಳಿ ಚಿಕ್ಕ ಓವನ್ ಇದೆ. ಕೌದಿಗೆ ಅಮ್ಮನ ಹಳೆಯ ಇಳಕಲ್ ಸೀರೆಗಳನ್ನು ತೆಗೆದಿಟ್ಟಿದ್ದೇನೆ. ಅಂಚಿಗೆ ಲಂಬಾಣಿ ಉಡುಪಿನಲ್ಲಿ ಇರುವಂತೆ ಕನ್ನಡಿ ಹೊಲಿಯಬೇಕೆಂದಿದ್ದೇನೆ. ಈ ಎರಡು ಕೆಲಸಗಳನ್ನು ಬಲ್ಲವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಉತ್ತರ (ಕಲಬುರಗಿ)

ಖಟಾಯಿ ಹರಡುವುದಕ್ಕೆ ಮುಖ್ಯ ಕಾರಣ ತುಪ್ಪ ನೀರಾಗಿರುವುದು. ಪಾಕವಿಧಾನಗಳಲ್ಲಿ ‘ಕೋಣೆಯ ಉಷ್ಣಾಂಶದ ಬೆಣ್ಣೆ’ ಎಂದು ಬರೆದಿರುತ್ತಾರೆ. ಆದರೆ ಬೆಣ್ಣೆ ಸುಮಾರು 32ರಿಂದ 35 ಡಿಗ್ರಿಗೆ ಕರಗುವ ವಸ್ತುವಾದ್ದರಿಂದ, ಹೊರಗೆ 40 ಡಿಗ್ರಿ ದಾಟುವ ನಮ್ಮ ಊರಿನಲ್ಲಿ ಆ ಮಾತಿಗೆ ಅರ್ಥವೇ ಉಳಿಯುವುದಿಲ್ಲ. ತುಪ್ಪದ ಪಾತ್ರೆಯನ್ನು ಮಂಜುಗಡ್ಡೆ ಹಾಕಿದ ನೀರಿನ ಬೋಗುಣಿಯಲ್ಲಿ ಇಟ್ಟು, ತುಪ್ಪ ಗಟ್ಟಿಯಾಗುತ್ತ ಬಂದಂತೆ ಪುಡಿ ಸಕ್ಕರೆ ಸೇರಿಸಿ, ಬೆಳ್ಳಗಾಗಿ ಹಗುರಾಗುವವರೆಗೆ ಒಂದೇ ದಿಕ್ಕಿನಲ್ಲಿ ತಿಕ್ಕಬೇಕು. ಬೆರಳಿನಿಂದ ಎತ್ತಿದರೆ ತುದಿ ನಿಲ್ಲುವಷ್ಟಾದಾಗ ಮಾತ್ರ ಹಿಟ್ಟು ಬೆರೆಸಿರಿ. ಹರಳು ಸಕ್ಕರೆ ಬೇಡ. ಅದು ಕಾವಿನಲ್ಲಿ ಕರಗುತ್ತ ಉಂಡೆಯನ್ನು ಇನ್ನಷ್ಟು ಹರಡಿಸುತ್ತದೆ. ಉಂಡೆಗಳನ್ನು ತಟ್ಟೆಯಲ್ಲಿ ಜೋಡಿಸಿದ ಮೇಲೆ ತಟ್ಟೆಯ ಸಮೇತ ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟು, ಮೊದಲೇ ಚೆನ್ನಾಗಿ ಕಾಯಿಸಿದ ಓವನ್ನಿಗೆ ನೇರವಾಗಿ ಸೇರಿಸಿದರೆ ಆಕಾರ ಕೆಡುವುದಿಲ್ಲ.

ಜೋಳದ ವಿಷಯ ಸ್ವಲ್ಪ ಬೇರೆ. ಗೋಧಿಯಲ್ಲಿರುವ ಅಂಟುವ ಗುಣ ಜೋಳದಲ್ಲಿಲ್ಲ. ರೊಟ್ಟಿ ಬಡಿಯುವಾಗ ಕುದಿಯುವ ನೀರು ಹಿಟ್ಟಿನ ಪಿಷ್ಟವನ್ನು ಬೇಯಿಸಿ ಜಿಗಿ ತರುತ್ತದೆ. ಖಟಾಯಿಗೆ ನೀರೇ ಹಾಕುವುದಿಲ್ಲವಾದ್ದರಿಂದ ಆ ಜಿಗಿಯನ್ನು ಗೋಧಿ ಹಿಟ್ಟಿನಿಂದಲೇ ಪಡೆಯಬೇಕು. ನಾನು ಬಳಸುವ ಅಳತೆ ಇದು: ಗೋಧಿ ಹಿಟ್ಟು 150 ಗ್ರಾಂ, ಜೋಳದ ಹಿಟ್ಟು 100 ಗ್ರಾಂ, ಕಡಲೆ ಹಿಟ್ಟು 30 ಗ್ರಾಂ, ತುಪ್ಪ 150 ಗ್ರಾಂ, ಪುಡಿ ಸಕ್ಕರೆ 120 ಗ್ರಾಂ, ಕಾಲು ಚಮಚ ಅಡಿಗೆ ಸೋಡಾ, ಏಲಕ್ಕಿ, ಚಿಟಿಕೆ ಉಪ್ಪು. ಜೋಳವನ್ನು ಹೊಸದಾಗಿ ಗಿರಣಿಯಲ್ಲಿ ಬೀಸಿಸಿ, ಹಿಟ್ಟನ್ನು ಎರಡು ಸಲ ಸಾಣಿಸಿ, ಹಸಿ ವಾಸನೆ ಹೋಗುವಷ್ಟು ಮಾತ್ರ ಸಣ್ಣ ಉರಿಯಲ್ಲಿ ಹುರಿದು ಪೂರ್ಣ ಆರಿಸಿರಿ. ಹಳೆಯ ಜೋಳದ ಹಿಟ್ಟು ಬೇಸಿಗೆಯಲ್ಲಿ ಬೇಗ ಕಹಿಯಾಗುತ್ತದೆ, ಮತ್ತು ತುಪ್ಪದ ಪರಿಮಳ ಆ ಕಹಿಯನ್ನು ಮುಚ್ಚುವುದಿಲ್ಲ.

160 ಡಿಗ್ರಿಯಲ್ಲಿ ಸುಮಾರು 20 ನಿಮಿಷ ಸಾಕು. ಮೇಲ್ಭಾಗ ಬಿಳಿಯಾಗಿಯೇ ಉಳಿದು, ತಳದ ಅಂಚು ಮಾತ್ರ ನಸುಗೆಂಪಾದಾಗ ಹೊರತೆಗೆಯಿರಿ. ಬಿಸಿಯಿರುವಾಗ ಅದು ಮೆತ್ತಗೇ ಇರುತ್ತದೆ, ಮುಟ್ಟಿದರೆ ಒಡೆಯುತ್ತದೆ. ತಟ್ಟೆಯಲ್ಲೇ ಪೂರ್ತಿ ತಣಿಯಲು ಬಿಟ್ಟರೆ ತಾನಾಗಿ ಗಟ್ಟಿಯಾಗುತ್ತದೆ. ಕರೆಂಟಿನ ಭರವಸೆ ಇಲ್ಲದಿದ್ದರೆ ಓಣಿಯ ಬೇಕರಿಗೆ ಸಾಮಾನು ಕೊಟ್ಟು ಭಟ್ಟಿಯಲ್ಲಿ ಬೇಯಿಸಿಕೊಂಡು ಬರುವ ನಮ್ಮ ಭಾಗದ ಹಳೆಯ ರೂಢಿ ಇದ್ದೇ ಇದೆ. ಹಾಗೆ ಮಾಡಿಸಿದ್ದೂ ಮನೆಯದೇ ಎಂದು ನಾನು ಭಾವಿಸುತ್ತೇನೆ.

ಉತ್ತರ (ಬೀದರ್)

ಮೇಲಿನ ಅಳತೆಗೆ ನನ್ನದೊಂದು ಸೇರ್ಪಡೆ. ತಿನ್ನುವವರು ಬಾಣಂತಿಯಾದ್ದರಿಂದ ಅಂಟಿನ ಉಂಡಿಗೆ ಹಾಕುವ ಸಾಮಾನನ್ನೇ ಖಟಾಯಿಗೂ ಸ್ವಲ್ಪ ಸೇರಿಸಬಹುದು. ಅಂಟನ್ನು ತುಪ್ಪದಲ್ಲಿ ಅರಳುವಂತೆ ಕರಿದು, ಕೈಯಿಂದ ಹಿಸುಕಿದರೆ ಪುಡಿಯಾಗುವಷ್ಟು ಗರಿಗರಿಯಾದ ಮೇಲೆ ಎರಡು ಚಮಚ ಬೆರೆಸಿರಿ. ಉತ್ತತ್ತಿಯನ್ನು ಬೀಜ ತೆಗೆದು ಒಣಗಿಸಿ ಕುಟ್ಟಿದ ಪುಡಿ ಮತ್ತು ಹುರಿದ ಗಸಗಸೆ ಬಹಳ ಚೆನ್ನಾಗಿ ಹೊಂದುತ್ತವೆ. ಅಂಟು ಒಳಗೆ ಹಸಿಯಾಗಿ ಉಳಿದರೆ ಹಲ್ಲಿಗೆ ಅಂಟುತ್ತದೆ, ಆದ್ದರಿಂದ ಒಂದು ಸಲಕ್ಕೆ ಸ್ವಲ್ಪ ಸ್ವಲ್ಪವೇ ಕರಿಯುವುದು ಒಳ್ಳೆಯದು. ಕೊಬ್ಬರಿಯನ್ನು ಮಾತ್ರ ಈ ಕಾಲದಲ್ಲಿ ಬಿಡಿರಿ. ಅದರ ಎಣ್ಣೆ ಸೆಕೆಗೆ ಬೇಗ ಕಮಟು ವಾಸನೆ ಹಿಡಿಯುತ್ತದೆ. ಬೆಲ್ಲವೂ ಬೇಡ. ಅದು ಗಾಳಿಯ ತೇವವನ್ನು ಎಳೆದುಕೊಂಡು ಖಟಾಯಿಯನ್ನು ಮೆತ್ತಗಾಗಿಸುತ್ತದೆ.

ಕೆನೆ ಹಾಕಿದ ಕೇಕ್ ತರಬೇಕೆಂದು ಯಾರಾದರೂ ಸಲಹೆ ಕೊಟ್ಟರೆ ಒಪ್ಪಬೇಡಿರಿ. 2017ರಲ್ಲಿ ಬೀದರ್–ಕಲಬುರಗಿ ರೈಲು ಮಾರ್ಗ ಆರಂಭವಾದ ಮೇಲೆ ಪ್ರಯಾಣ ಸುಲಭವಾಗಿದೆ, ನಿಜ. ಆದರೆ ಹುಮನಾಬಾದ್ ಮುಟ್ಟುವಷ್ಟರಲ್ಲಿ ಕೆನೆ ಇಳಿದು ಹೋಗಿರುತ್ತದೆ. ಖಟಾಯಿಯನ್ನು ಸ್ಟೀಲ್ ಡಬ್ಬಿಯಲ್ಲಿ ಪದರಗಳ ನಡುವೆ ಬೆಣ್ಣೆ ಕಾಗದ ಹಾಸಿ, ಮೇಲೆ ಖಾಲಿ ಜಾಗ ಉಳಿಯದಂತೆ ತುಂಬಿ ತನ್ನಿರಿ, ಕಿಟಕಿಯ ಬಿಸಿಲಿಗೆ ಇಡಬೇಡಿರಿ.

ಉತ್ತರ (ಶಹಾಪುರ, ಯಾದಗಿರಿ ಜಿಲ್ಲೆ)

ನಾನು ಕೌದಿಯ ಬಗ್ಗೆ ಮಾತ್ರ ಹೇಳುತ್ತೇನೆ. ಹಳೆಯ ಸೀರೆ ಎಂಬುದು ಒಳ್ಳೆಯ ಆಯ್ಕೆ, ಏಕೆಂದರೆ ಒಗೆದು ಒಗೆದು ಮೆತ್ತಗಾದ ನೂಲಿನಲ್ಲಿ ಸೂಜಿ ಸರಾಗವಾಗಿ ಹೋಗುತ್ತದೆ ಮತ್ತು ಮಗುವಿನ ಚರ್ಮಕ್ಕೆ ಒರಟಾಗುವುದಿಲ್ಲ. ಆದರೆ ಇಳಕಲ್ ಸೀರೆಯ ಒಡಲನ್ನಷ್ಟೇ ಬಳಸಿ, ಕೆಂಪು ಸೆರಗನ್ನು ಬದಿಗಿಡಿರಿ. ಬಿಳಿ ಬಟ್ಟೆಯನ್ನು ತೋಯಿಸಿ ಸೆರಗಿನ ಮೇಲೆ ಉಜ್ಜಿ ನೋಡಿದರೆ ಬಣ್ಣ ಬಿಡುತ್ತದೋ ಇಲ್ಲವೋ ತಿಳಿಯುತ್ತದೆ. ಬಿಟ್ಟರೆ ಅದು ಎಳೆಗೂಸಿನ ಹಾಸಿಗೆಗೆ ತಕ್ಕುದಲ್ಲ. ನೈಲಾನ್ ಬಟ್ಟೆಯನ್ನು ನಡುವೆ ಸೇರಿಸಿದರೆ ಒಗೆದಾಗ ಪದರಗಳು ಒಂದೊಂದು ರೀತಿ ಎಳೆದುಕೊಂಡು ಕೌದಿ ಸುಕ್ಕಾಗುತ್ತದೆ.

ಒಂದು ಗಜ ಚೌಕಕ್ಕೆ ಮೂರು ಪದರ ಸಾಕು. ನೆಲದ ಮೇಲೆ ಹಾಸಿ, ಕೈಯಿಂದ ಸವರಿ, ಮೊದಲು ಮಧ್ಯದಿಂದ ಅಂಚಿನ ಕಡೆಗೆ ದೊಡ್ಡ ದೊಡ್ಡ ಕಚ್ಚಾ ಹೊಲಿಗೆ ಹಾಕಿಕೊಳ್ಳಿರಿ. ನಮ್ಮ ಅಜ್ಜಿಯರು ಅಂಚಿನಿಂದಲೇ ಆರಂಭಿಸಿ ಸುತ್ತು ಸುತ್ತಾಗಿ ಒಳಗೆ ಬರುತ್ತಿದ್ದರು. ಅವರ ಕೈಗೆ ಅದು ಒಲಿದಿತ್ತು. ಕಚ್ಚಾ ಹೊಲಿಗೆಯಿಲ್ಲದೆ ಹೊಸಬರು ಹಾಗೆ ಮಾಡಿದರೆ ಹೆಚ್ಚುವರಿ ಬಟ್ಟೆಯೆಲ್ಲ ನಡುವೆ ಬಂದು ಉಬ್ಬುತ್ತದೆ. ಅನಂತರ ಎರಡೆಳೆ ಹತ್ತಿ ದಾರದಿಂದ, ಸಾಲಿಗೂ ಸಾಲಿಗೂ ಒಂದು ಬೆರಳಿನ ಅಂತರವಿಟ್ಟು, ಹೊರಗಿನಿಂದ ಒಳಗೆ ನಿಧಾನವಾಗಿ ಬನ್ನಿರಿ. ಗಂಟುಗಳನ್ನು ಪದರಗಳ ನಡುವೆ ಅಡಗಿಸಬೇಕು. ಸಾಲು ಸ್ವಲ್ಪ ವಕ್ರವಾದರೂ ಬಿಚ್ಚಬೇಡಿರಿ, ಕೌದಿಯ ಚೆಲುವೇ ಅದರಲ್ಲಿದೆ.

ಕನ್ನಡಿಯನ್ನು ಮಗುವಿನ ಬಟ್ಟೆಗೆ ಖಂಡಿತ ಹಚ್ಚಬಾರದು. ದಾರ ಸವೆದು ಬಿಲ್ಲೆ ಕಳಚಿದರೆ ಅದು ಮೊದಲು ಹೋಗುವುದು ಮಗುವಿನ ಬಾಯಿಗೆ. ಕವಡೆ, ಗೆಜ್ಜೆ, ಗುಂಡಿಗಳಿಗೂ ಇದೇ ಮಾತು. ಒಂದು ವರ್ಷ ತುಂಬುವವರೆಗೆ ಮಲಗಿಸುವಾಗ ದಪ್ಪ ಹೊದಿಕೆ ಬೇಡವೆಂದು ಮಕ್ಕಳ ವೈದ್ಯರು ಹೇಳುವುದರಿಂದ, ಈ ಕೌದಿ ಎಚ್ಚರವಿರುವಾಗ ಕೆಳಗೆ ಹಾಸಿ ಆಡಿಸಲು ಇರಲಿ ಎಂದು ಗೆಳತಿಗೆ ತಿಳಿಸಿ ಕೊಡಿರಿ.

ಪ್ರಶ್ನೆ ಕೇಳಿದವರು (ಕಲಬುರಗಿ)

ಎಲ್ಲರಿಗೂ ಕೃತಜ್ಞಳಾಗಿದ್ದೇನೆ. ಗಿರಣಿಗೆ ಜೋಳ ಕಳುಹಿಸಿದ್ದೇನೆ, ಸೀರೆಗಳನ್ನು ನೆನೆಹಾಕಿದ್ದೇನೆ. ಆದರೂ ಕೈಕಸೂತಿಯ ಒಂದು ಗುರುತು ಉಡುಗೊರೆಯಲ್ಲಿ ಇರಬೇಕೆಂಬ ಆಸೆ ಹೋಗಿಲ್ಲ. ಅದನ್ನು ಎಲ್ಲಿ ಹಾಕುವುದು ಸೂಕ್ತ?

ಉತ್ತರ (ಬೀದರ್)

ಖಟಾಯಿಯ ಡಬ್ಬಿಗೆ ಒಂದು ಚೀಲ ಹೊಲಿಯಿರಿ, ಕಸೂತಿಯೆಲ್ಲ ಅದರ ಮೇಲಿರಲಿ. ಲಂಬಾಣಿ ಕನ್ನಡಿಗೆ ಅಲ್ಲಿ ಯಾವ ಅಡ್ಡಿಯೂ ಇಲ್ಲ. ನನ್ನನ್ನು ಕೇಳಿದರೆ, ಬೀದರಿಗೆ ತರುವ ಚೀಲಕ್ಕೆ ನಮ್ಮೂರಿನ ಲೋಹದ ಕುಸುರಿಯಾದ ಬಿದ್ರಿ ಕೆಲಸದ ಅಶರ್ಫಿ ಬೂಟಿ ಎಂಬ ಹೂವಿನ ವಿನ್ಯಾಸ ಇನ್ನೂ ಚೆನ್ನ. ಸತು ಮತ್ತು ತಾಮ್ರದ ಎರಕವನ್ನು ಕೋಟೆಯ ಮಣ್ಣು, ನವಸಾಗರ ಬೆರೆಸಿದ ನೀರಿನಲ್ಲಿ ಅದ್ದಿದಾಗ ಲೋಹ ಕಪ್ಪಾಗಿ ಬೆಳ್ಳಿಯ ಹೂವು ಮಾತ್ರ ಹೊಳೆಯುತ್ತದಲ್ಲ, ಆ ಅಂದವನ್ನು ಕಪ್ಪು ಹತ್ತಿ ಬಟ್ಟೆಯ ಮೇಲೆ ಬಿಳಿ ದಾರದಲ್ಲಿ ತರಬಹುದು. ದುಂಡನೆಯ ಹೂವು, ಸುತ್ತ ಸಮನಾದ ಎಸಳು, ಸಾಲಾಗಿ ಜೋಡಿಸಿದರೆ ಆಯಿತು; ಸರಪಳಿ ಹೊಲಿಗೆ ಬಂದವರಿಗೆ ಕಷ್ಟವಿಲ್ಲ. ಚೀಲದ ಒಳಗೆ ಮಾತ್ರ ಬೇರೆ ಅಸ್ತರಿ ಕೊಡಿರಿ, ಇಲ್ಲದಿದ್ದರೆ ದಾರದ ಹಿಂಬದಿ ಡಬ್ಬಿಯ ಕೊಂಡಿಗೆ ಸಿಕ್ಕಿಕೊಳ್ಳುತ್ತದೆ.