ಹುಡುಗ್ರು ಪಟಪಟ ಓದ್ತಾರ, ಅರ್ಥ ಕೇಳಿದ್ರ ಹೇಳಂಗಿಲ್ಲ, ಏನ್ ಮಾಡ್ಬೇಕ್ರಿ?

ಸಿರುಗುಪ್ಪ ಟೀಚರ್:
ನಮಸ್ಕಾರ್ರೀ ಎಲ್ಲಾರಿಗೂ. ನಮ್ದು ಸರ್ಕಾರಿ ಶಾಲಿ, 1ರಿಂದ 3ನೇ ಕ್ಲಾಸಿನ ನಲಿಕಲಿ (ಆಡ್ತಾ ಕಲಿಯೋ ಪದ್ಧತಿ) ಮುಗಿಸಿ ಬಂದ 4ನೇ ಕ್ಲಾಸಿನವ್ರಿಗೆ ಕನ್ನಡ ತಗೋತೀನಿ. ಒತ್ತಕ್ಷರ ಸೈತ ಬರ್ತಾವ, ಆದ್ರ ಪುಸ್ತಕ ಮುಚ್ಚಿಸಿ ಏನ್ ಓದಿದ್ಯಪ್ಪ ಅಂದ್ರ ಸುಮ್ನ ನಿಂದರ್ತಾರ. ಪ್ರಶ್ನೋತ್ತರ ಬರೀರಿ ಅಂದ್ರ ಪ್ರಶ್ನಿಯೊಳಗಿನ ಪದ ಪಾಠದಾಗ ಎಲ್ಲೈತಿ ಹುಡುಕಿ ಆ ಸಾಲು ಹಂಗ ಇಳಿಸಿಬಿಡ್ತಾರ. ಸುಮಾರು ಮಕ್ಕಳ ಮನ್ಯಾಗ ತೆಲುಗು. ಕ್ಲಾಸಿನ್ಯಾಗ ಮಾಡಿ ನೋಡಿದ್ದು ಏನರ ಇದ್ರ ಹೇಳ್ರಿ, ಬಾಳ ಚಿಂತಿ ಆಗೈತಿ.

ಸಿಂಧನೂರು ಮಾಸ್ತರ್:
ಮೇಡಂ, ಗಫ್ ಮತ್ತ ಟನ್ಮರ್ ಅನ್ನೋ ಸಂಶೋಧಕರು 1986ರಾಗ ಓದಿ ತಿಳಿಯೋದನ್ನ ಒಂದು ಗುಣಾಕಾರ ಅಂದ್ರು, ಅಕ್ಷರ ಬಿಡಿಸೋದು ಗುಣಿಸು ಮಾತು ತಿಳಿಯೋದು, ಒಂದು ಸೊನ್ನಿ ಆದ್ರ ಉತ್ತರಾನೂ ಸೊನ್ನಿ. ನಿಮ್ಮ ಹುಡುಗ್ರಿಗೆ ಮೊದಲ್ನೇದು ಬಂದೈತಿ, ಕನ್ನಡದ ಮಾತು ಇನ್ನೂ ಸಾಲವಲ್ದು. ಪಾಠ ತೆಗಿಯೋಕ್ಕಿಂತ ಮೊದ್ಲ ಚಿತ್ರ ತೋರ್ಸಿ ತೆಲುಗಿನ್ಯಾಗ ಮಾತಾಡಾಕ ಬಿಡ್ರಿ, ತಾಂಡಾದ ಹುಡುಗ್ರಿದ್ರ ಲಂಬಾಣಿಯೊಳಗ. ಆಮ್ಯಾಲ ಅದನ್ನ ಕನ್ನಡಕ್ಕ ತರ್ರಿ. ಕನ್ನಡದಾಗ ಹೇಳು ಅಂತ ಗದರಿಸಿದ್ರ ಇರೋ ಬಾಯಿನೂ ಮುಚ್ತೈತಿ. ಸ್ಟೋರಿವೀವರ್ ಅನ್ನೋ ಮಕ್ಕಳ ಕಥಿ ವೆಬ್‌ಸೈಟ್‌ನ್ಯಾಗ ಎಷ್ಟೋ ಕಥಿ ಕನ್ನಡ, ತೆಲುಗು ಎರಡೂ ಭಾಷೆಯೊಳಗ ಫ್ರೀ ಸಿಗ್ತಾವ.

ಕುಷ್ಟಗಿ ಅಕ್ಕ:
ಮಾಸ್ತರ್ ಹೇಳಿದ್ದು ಖರೇ, ಆದ್ರ ಕನ್ನಡ ಮನಿಮಾತಿನ ನಮ್ಮ ಮಕ್ಕಳೂ ಹಿಂಗ ಮಾಡ್ತಾವ್ರಿ, ಯಾಕಂದ್ರ ನಾವು ಕೇಳೋ ಪ್ರಶ್ನಿನ ಹಂಗಿರ್ತಾವ, ಉತ್ತರ ಸಾಲಿನ್ಯಾಗ ಕುಂತಿರ್ತೈತಿ. "ಮಲ್ಲಿ ಓಡಿಕೊಂತ ಮನಿಗೆ ಬಂದಳು, ಪುಸ್ತಕ ಎಲ್ಲಾ ತೊಯ್ದಿದ್ದವು" ಅಂತ ಬೋರ್ಡ್ ಮ್ಯಾಲ ಬರ್ದು ಹೊರಗ ಏನಾಗಿತ್ತು ಅಂತ ಕೇಳ್ರಿ. ಮಳಿ ಅನ್ನೋ ಪದಾನ ಅಲ್ಲಿಲ್ಲ, ಹುಡುಗ್ರು ತಾವ ಕೂಡಿಸ್ಕೋಬೇಕು. ಹೆಂಗ ಗೊತ್ತಾತು ಅಂತಾನೂ ಕೇಳ್ರಿ, ಅದನ್ನ ಬಿಡಬ್ಯಾಡ್ರಿ. ಮೊದ್ಲ ನೀವ ಜೋರಾಗಿ ಯೋಚ್ನಿ ಮಾಡಿ ತೋರಿಸ್ರಿ, "ತೊಯ್ದಾವ, ಓಡಿ ಬಂದಾಳ, ಅಂದ್ರ..." ಅಂತ.

ಮಾನ್ವಿ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ):
ಇದಕ್ಕ ಇನ್ನೊಂದು ಸೇರಿಸ್ತೀನಿ. ಪಾಲಿಂಕ್ಸರ್ ಮತ್ತ ಬ್ರೌನ್ ಅನ್ನೋ ಸಂಶೋಧಕರು 1984ರಾಗ ಬರ್ದಿದ್ದು, ಮುಂದ ಏನಾಗ್ತೈತಿ ಊಹಿಸೋದು, ಪ್ರಶ್ನಿ ಕೇಳೋದು, ತಿಳಿಯದ್ದನ್ನ ಬಿಡಿಸ್ಕೊಳ್ಳೋದು, ಸಾರಾಂಶ ಹೇಳೋದು, ಇದನ್ನ ಮಕ್ಕಳು ಪಾಳಿ ಮ್ಯಾಲ ತಾವ ಟೀಚರ್ ಆಗಿ ನಡಸ್ತಾವ. ಅದು 7ನೇ ಕ್ಲಾಸಿನವ್ರ ಜೋಡಿ ಮಾಡಿದ್ದು, ಸಣ್ಣವ್ರ ಮ್ಯಾಲ ನಾಕೂ ಒಮ್ಮೆಲೆ ಹೇರಬ್ಯಾಡ್ರಿ. ಊಹಿಸೋದ್ರಿಂದ ಶುರು ಮಾಡ್ರಿ, ಕಥಿ ಅರ್ಧಕ್ಕ ನಿಲ್ಸಿ ಮುಂದ ಏನು, ಯಾಕ ಹಂಗ ಅನಿಸ್ತು ಅಂತ.

ಸಿರುಗುಪ್ಪ ಟೀಚರ್:
ಥ್ಯಾಂಕ್ಸ್ ರೀ ಎಲ್ಲಾರಿಗೂ. ಊಹೆ ತಪ್ಪಾದ್ರ ತಿದ್ದಬೇಕೇನ್ರಿ?

ಕುಷ್ಟಗಿ ಅಕ್ಕ:
ಬ್ಯಾಡ್ರಿ. ಮುಂದಿನ ಪುಟ ಓದಿಸ್ರಿ, ತಾವ ತಿದ್ಕೊಂತಾರ.