ಓದುಗರ ಸ್ಪಂದನ: ಕಾರ್ಡಿನ ಸಾಲ ತೀರುತ್ತಿಲ್ಲ, ಮನೆಯಲ್ಲಿ ಹೇಳಿಲ್ಲ

ಕಳೆದ ವಾರ ಸುರತ್ಕಲ್‌ನ ಓದುಗರೊಬ್ಬರು ತಮ್ಮ ಕಷ್ಟ ಬರೆದಿದ್ದರು. ಕೈಗೆ ಬರುವ ಸಂಬಳ 46,000. ಬಾಡಿಗೆ 11,000, ಪರ್ಸನಲ್ ಲೋನ್ ಕಂತು 9,400, ಕಾರಿನ ಕಂತು 7,800. ಹೆಂಡತಿಯ ಹೆಸರಿನಲ್ಲಿ ಸಂಘದ ಸಾಲ, ವಾರಕ್ಕೆ 900. ಜೊತೆಗೆ ಅಮ್ಮನ ಬಿಪಿ, ಶುಗರ್ ಮಾತ್ರೆ. ಇಷ್ಟು ಮನೆಯವರಿಗೆ ಗೊತ್ತು. ಗೊತ್ತಿಲ್ಲದ್ದು ಕ್ರೆಡಿಟ್ ಕಾರ್ಡಿನ 1,38,000. ಅದಕ್ಕೆ ತಿಂಗಳು ತಿಂಗಳು 'ಮಿನಿಮಮ್ ಡ್ಯೂ', ಅಂದರೆ ಕಟ್ಟಲೇಬೇಕಾದ ಕನಿಷ್ಠ ಮೊತ್ತ ಮಾತ್ರ ಕಟ್ಟುತ್ತಾ ಬಂದಿದ್ದಾರೆ. ಹೆಂಡತಿಯ ಚಿನ್ನ ಲಾಕರಿನಲ್ಲಿ ಉಂಟು, ಅದನ್ನು ಮುಟ್ಟುವ ಮನಸ್ಸಿಲ್ಲ ಎಂದಿದ್ದರು. "ಖರ್ಚು ಎಲ್ಲಿ ಕಡಿಮೆ ಮಾಡಲಿ?" ಎಂಬುದು ಅವರ ಪ್ರಶ್ನೆ. ಬಂದ ಉತ್ತರಗಳಲ್ಲಿ ಕೆಲವು ಇಲ್ಲಿವೆ.

ನಿವೃತ್ತ ಬ್ಯಾಂಕ್ ನೌಕರ, ಕದ್ರಿ

ನಿಮ್ಮ ಮನೆಯ ದೊಡ್ಡ ದಂಡದ ಖರ್ಚು ಮೀನೂ ಅಲ್ಲ, ಹಾಲೂ ಅಲ್ಲ. ಆ ಕಾರ್ಡಿನ ಬಡ್ಡಿ. ಒಂದು ಪೆನ್ನು ತಗೊಳ್ಳಿ. ಸುಮಾರು ಕಾರ್ಡುಗಳಲ್ಲಿ ಬಡ್ಡಿ ಮೂರೂವರೆ ಪರ್ಸೆಂಟ್ ಆಸುಪಾಸು, ಅದು ತಿಂಗಳಿಗೆ, ವರ್ಷಕ್ಕಲ್ಲ. 1,38,000ಕ್ಕೆ 4,830 ಆಯ್ತು. ಆ ಬಡ್ಡಿಯ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಬೇರೆ, ಅದೊಂದು 870. ಒಟ್ಟು 5,700. ಮಿನಿಮಮ್ 5 ಪರ್ಸೆಂಟ್ ಅಂತ ಹಿಡಿದರೆ ನೀವು ಕಟ್ಟುವುದು 6,900. ಅಂದರೆ ಅಸಲಿಗೆ ಹೋಗುವುದು ಬರೀ 1,200. ಅದೇ ತಿಂಗಳು ಪೆಟ್ರೋಲ್, ದಿನಸಿ ಅಂತ ಎರಡು ಸಾವಿರ ಉಜ್ಜಿದಿರಾ, ಸಾಲ ಇಳಿಯುವ ಬದಲು ಏರಿತು. ಇನ್ನೊಂದು ಸಂಗತಿ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಹಳೆ ಬಾಕಿ ಇಟ್ಟುಕೊಂಡಿರುವವರಿಗೆ ಆ ನಲವತ್ತೈದು ದಿನದ ಬಡ್ಡಿ ಇಲ್ಲದ ಅವಧಿ ಸಿಗುವುದೇ ಇಲ್ಲ. ಹೊಸದಾಗಿ ಉಜ್ಜಿದ ದಿನದಿಂದಲೇ ಅದಕ್ಕೂ ಬಡ್ಡಿ ಶುರು.

ಕೆನರಾ, ಕಾರ್ಪೊರೇಶನ್, ಕರ್ಣಾಟಕ, ಸಿಂಡಿಕೇಟ್, ವಿಜಯಾ, ಐದು ಬ್ಯಾಂಕು ಹುಟ್ಟಿದ ನೆಲ ನಮ್ಮದು. ಇಲ್ಲಿ ಕುಳಿತು ವರ್ಷಕ್ಕೆ 42 ಪರ್ಸೆಂಟ್ ಬಡ್ಡಿ ಕಟ್ಟುವುದೆಂದರೆ ಸಮುದ್ರದ ನೆಂಟಸ್ತನ, ಉಪ್ಪಿಗೆ ಬಡತನ ಅಂದ ಹಾಗೆ. ಲಾಕರಿನ ಚಿನ್ನದಲ್ಲಿ ಸ್ವಲ್ಪ ಬ್ಯಾಂಕಿನಲ್ಲೋ ನಿಮಗೆ ಗೊತ್ತಿರುವ ಸೊಸೈಟಿಯಲ್ಲೋ ಅಡವಿಟ್ಟು ಕಾರ್ಡನ್ನು ಒಂದೇ ಸಲ ಚುಕ್ತಾ ಮಾಡಿ. ವರ್ಷಕ್ಕೆ 10 ಪರ್ಸೆಂಟ್ ಅಂತಿಟ್ಟುಕೊಂಡರೂ ತಿಂಗಳ ಬಡ್ಡಿ 1,150. ಈಗ ಕಟ್ಟುವ ಅದೇ 6,900 ಅಲ್ಲಿ ಕಟ್ಟಿ, 22 ತಿಂಗಳಲ್ಲಿ ಚಿನ್ನ ಮನೆಗೆ ಬರುತ್ತದೆ. ಅದೇ ದುಡ್ಡನ್ನು ಕಾರ್ಡಿಗೇ ಕಟ್ಟುತ್ತಾ ಹೋದರೆ, ಒಂದು ರೂಪಾಯಿ ಹೊಸದಾಗಿ ಉಜ್ಜದಿದ್ದರೂ, 43 ತಿಂಗಳು. ಚಿನ್ನದ ಸಾಲದ ಅವಧಿ ಹೆಚ್ಚಾಗಿ ಒಂದು ವರ್ಷ ಇರುತ್ತದೆ, ಮರೆಯದೆ ನವೀಕರಿಸಬೇಕು. ಅಡವು ಬೇಡವೇ ಬೇಡ ಅಂದರೆ ಕಾರ್ಡಿನವರಿಗೇ ಫೋನ್ ಮಾಡಿ ಇಡೀ ಬಾಕಿಯನ್ನು ಕಂತು ಮಾಡಿಸಿ, ಬಡ್ಡಿ ಸಾಮಾನ್ಯವಾಗಿ ತುಂಬಾ ಇಳಿಯುತ್ತದೆ. 'ಸೆಟ್ಲ್‌ಮೆಂಟ್ ಮಾಡಿಸಿ ಕೊಡ್ತೇವೆ' ಅಂತ ಬರುವವರನ್ನು ಮಾತ್ರ ಹತ್ತಿರ ಸೇರಿಸಬೇಡಿ. ಅರ್ಧ ಕಟ್ಟಿ ಮುಗಿಸಿದರೆ ನಿಮ್ಮ ಸಾಲಗಳ ಚರಿತ್ರೆ ಇರುವ ಸಿಬಿಲ್ ವರದಿಯಲ್ಲಿ 'ಸೆಟಲ್ಡ್' ಅಂತ ಬೀಳುತ್ತದೆ. ಮುಂದೆ ಮನೆ ಸಾಲ ಕೇಳಲು ಹೋದಾಗ ಅದು ಎದ್ದು ಕಾಣುತ್ತದೆ.

ಟೈಲರ್, ಕುಂದಾಪುರ

ಚಿನ್ನ ಅಡವಿಡಿ ಅಂತ ಸುಮಾರು ಜನ ಹೇಳ್ತಾರೆ, ಗೊತ್ತು. ನನ್ನ ಗಂಡನೂ ಅದನ್ನೇ ಮಾಡಿದ್ದು. ನಾಲ್ಕು ಬಳೆ ಹೋಯ್ತು, ಕಾರ್ಡ್ ಚುಕ್ತಾ ಆಯ್ತು, ಎಲ್ಲ ಸರಿ. ಆದರೆ ಕಾರ್ಡ್ ಪರ್ಸಿನಲ್ಲೇ ಉಳಿಯಿತು. ಎಂಟು ತಿಂಗಳಲ್ಲಿ ಅದು ಮತ್ತೆ ತುಂಬಿತು, ಬಳೆಯೂ ಒಳಗೆ. ಕೊನೆಗೆ ಹರಾಜಿನ ನೋಟಿಸ್ ಬಂದದ್ದು ನನ್ನ ಕೈಗೆ. ಅವತ್ತು ನಾನು ಗಿರಾಕಿಯ ರವಿಕೆಗೆ ತೋಳು ಉಲ್ಟಾ ಹಚ್ಚಿದ್ದೆ. ಅಷ್ಟು ಮಟ್ಟಿಗೆ ತಲೆ ಕೆಟ್ಟಿತ್ತು.

ಹಾಗಾಗಿ ಮೊದಲು ಕತ್ತರಿ, ಆಮೇಲೆ ಚಿನ್ನ. ಕಾರ್ಡನ್ನು ಎರಡು ತುಂಡು ಮಾಡಿ, ಫೋನಿನ ಆಪ್‌ಗಳಲ್ಲಿ ಸೇವ್ ಆಗಿರುವ ನಂಬರನ್ನೂ ಅಳಿಸಿ, ಬಾಕಿ ತೀರಿದ ದಿನವೇ ಅಕೌಂಟ್ ಕ್ಲೋಸ್ ಮಾಡಿಸಿ ಪತ್ರ ತಗೊಳ್ಳಿ. ಅದು ಆಗುವುದಿಲ್ಲ ಅಂತಾದರೆ ಅವಳ ಚಿನ್ನದ ಸುದ್ದಿಗೆ ಹೋಗಬೇಡಿ. ಮತ್ತೆ, ಅದು ನಿಮ್ಮ ಚಿನ್ನ ಅಲ್ಲ ಅಲ್ವಾ? ಕೇಳಬೇಕಾದವಳಿಗೆ ಸಾಲದ ಸುದ್ದಿಯೇ ಗೊತ್ತಿಲ್ಲ!

ಖಾಸಗಿ ಕಂಪೆನಿ ಉದ್ಯೋಗಿ, ಕಾಪು

ನಾನೂ ನಿಮ್ಮ ಹಾಗೆ ಎರಡು ವರ್ಷ ಮುಚ್ಚಿಟ್ಟಿದ್ದೆ. ಸ್ಟೇಟ್‌ಮೆಂಟ್ ಇ-ಮೇಲಿಗೆ ಬರುತ್ತದೆ, ಮನೆಗೆ ಕಾಗದ ಬರುವುದಿಲ್ಲ, ಮತ್ತೆಂತ ಭಯ ಅಂತ ಧೈರ್ಯ. ಒಂದು ಭಾನುವಾರ ಹಿತ್ತಲಿನಲ್ಲಿ ಕುಳಿತು ಬಂಗುಡೆ ಕ್ಲೀನ್ ಮಾಡ್ತಿದ್ದೆ. ಕೈಯೆಲ್ಲ ಮೀನಿನ ರಕ್ತ. ಫೋನ್ ರಿಂಗಾಯ್ತು. ಸ್ಪೀಕರ್ ಹಾಕು ಅಂತ ಹೆಂಡತಿಗೆ ನಾನೇ ಹೇಳಿದೆ. "ಸರ್, ನಿಮ್ಮ ಕಾರ್ಡ್ ಬಾಕಿ ತೊಂಬತ್ತಾರು ಸಾವಿರ, ಯಾವಾಗ ಕಟ್ತೀರಿ?" ಅಮ್ಮ ಪಕ್ಕದಲ್ಲೇ ಕಾಯಿ ತುರಿಯುತ್ತಿದ್ದರು, ತುರಿಯುವುದು ನಿಂತಿತು. ನಾನು ಒಳಗೆ ಹೋಗಿ ಸಮಾಧಾನ ಮಾಡಿ ಹೊರಗೆ ಬರುವಷ್ಟರಲ್ಲಿ ಬೆಕ್ಕು ಎರಡು ಬಂಗುಡೆ ಮುಗಿಸಿತ್ತು.

ಅಲ್ಲಿಗೂ ನನಗೆ ಬುದ್ಧಿ ಬರಲಿಲ್ಲ ನೋಡಿ. "ಇನ್ನೆಷ್ಟು ಉಂಟು?" ಅಂತ ಕೇಳಿದಳು. ಇಷ್ಟೇ ಅಂದೆ. ಒಂದು ಲೋನ್ ಆಪಿನಲ್ಲಿ ಇಪ್ಪತ್ತು ಸಾವಿರ ಇತ್ತು, ಅದನ್ನು ಹೇಳಲಿಲ್ಲ. ಮುಂದಿನ ತಿಂಗಳು ಆ ಆಪಿನವರು ನನ್ನ ಫೋನಿನಲ್ಲಿದ್ದ ನಂಬರುಗಳಿಗೆಲ್ಲ ಫೋನ್ ಮಾಡಲು ಶುರು ಮಾಡಿದರು, ಅದರಲ್ಲಿ ಒಂದು ನನ್ನ ಭಾವನದು. ತೊಂಬತ್ತಾರು ಸಾವಿರಕ್ಕೆ ಹದಿನೈದು ದಿನ ಮಾತು ಬಿಟ್ಟವಳು ಈ ಇಪ್ಪತ್ತು ಸಾವಿರಕ್ಕೆ ಎರಡು ತಿಂಗಳು ಬಿಟ್ಟಳು. ಹೇಳುವುದಾದರೆ ಪೂರ್ತಿ ಹೇಳಿ ಮಾರಾಯ್ರೆ. ಹೇಳುವ ಮೊದಲು ಸಿಬಿಲ್ ವರದಿ ತೆಗೆದು ಇಟ್ಟುಕೊಳ್ಳಿ, ವರ್ಷಕ್ಕೊಮ್ಮೆ ಪೂರ್ತಿ ವರದಿ ಉಚಿತ. ಅದರಲ್ಲಿ ನೀವೇ ಮರೆತ ಸಾಲವೂ ಇರಬಹುದು. ನನಗೆ ಒಂದು ಮೊಬೈಲಿನ ಕಂತು ಸಿಕ್ಕಿತು.

ಮಾತು ಶುರುವಾದ ಮೇಲೆ ಲೆಕ್ಕದ ಪುಸ್ತಕ ಅವಳೇ ತಗೊಂಡಳು. ನನ್ನ ಮೂರು ತಿಂಗಳ ಗೂಗಲ್ ಪೇ ಪಟ್ಟಿ ಓದಿಸಿದಳು, ಗಟ್ಟಿಯಾಗಿ, ಶಾಲೆಯಲ್ಲಿ ಮಗ್ಗಿ ಹೇಳಿಸಿದ ಹಾಗೆ. ಚಾ 30, ಗೋಳಿಬಜೆ 40, ಪಾರ್ಕಿಂಗ್ 20, ಜ್ಯೂಸ್ 90. ಓದುವಾಗ ನನಗೇ ನಾಚಿಕೆ ಆಯ್ತು, ಅದರಲ್ಲೇ ಒಂದು ತಿಂಗಳು ನಾಲ್ಕು ಸಾವಿರ ದಾಟಿತ್ತು. ನೋಡದೇ ಇದ್ದ ಎರಡು ಓಟಿಟಿ, ಹೋಗದೇ ಇದ್ದ ಒಂದು ಜಿಮ್. ಅದಕ್ಕಿಂತ ದೊಡ್ಡದು ಮದುವೆ ಸೀಸನ್. ಈಗ ನಮ್ಮಲ್ಲಿ ಮದುವೆಗಿಂತ ಮದರಂಗಿ ಜೋರು. ಅದಕ್ಕೊಂದು ಡ್ರೆಸ್, ಮದುವೆಗೊಂದು, ಬೀಗರ ಊಟಕ್ಕೊಂದು. ಒಂದು ಮದುವೆಗೆ ಒಂದೇ ಜೊತೆ, ಉಡುಗೊರೆ ಇಷ್ಟೇ ಅಂತ ಅವಳು ಬರೆದಿಟ್ಟಳು. ನೆಂಟರು ಎಂತ ಹೇಳ್ತಾರೋ ಅಂತ ನಾನು ಹೆದರಿದ್ದೆ, ಯಾರೂ ಎಂತದೂ ಹೇಳಲಿಲ್ಲ. ಹತ್ತೊಂಬತ್ತು ತಿಂಗಳಲ್ಲಿ ಮುಗಿಯಿತು. ಪುಸ್ತಕ ಮಾತ್ರ ಇವತ್ತಿಗೂ ವಾಪಸು ಸಿಕ್ಕಿಲ್ಲ.

ಗೃಹಿಣಿ, ಅಂಬಲಪಾಡಿ, ಉಡುಪಿ

ಅಡುಗೆಮನೆಯಿಂದ ಸಾಲ ತೀರುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ತಿಂಗಳಿಗೆ ಎರಡು ಸಾವಿರ ಖಂಡಿತ ಉಳಿಯುತ್ತದೆ. ನನ್ನ ಹತ್ತಿರ ಒಂದು ಹಳೆ ಬಿಸ್ಕೆಟ್ ಡಬ್ಬಿ ಉಂಟು. ಸೋಮವಾರ ಬೆಳಿಗ್ಗೆ ಒಂದು ವಾರದ ಮೀನು, ತರಕಾರಿ, ಹಾಲಿನ ದುಡ್ಡು ನೋಟಿನಲ್ಲೇ ಅದಕ್ಕೆ ಹಾಕುತ್ತೇನೆ. ಫೋನಿನಲ್ಲಿ ಕೊಟ್ಟರೆ ಹೋದದ್ದು ಗೊತ್ತಾಗುವುದಿಲ್ಲ, ಡಬ್ಬಿಯಲ್ಲಿ ಗುರುವಾರಕ್ಕೆ ತಳ ಕಂಡರೆ ಶುಕ್ರವಾರ ತಾನಾಗಿ ಕುಚ್ಚಲಕ್ಕಿ ಗಂಜಿ, ತಿಮರೆ (ಒಂದೆಲಗ) ಚಟ್ನಿ, ಒಂದು ಹಪ್ಪಳ. ಮಕ್ಕಳು ಮುಖ ಸಿಂಡರಿಸುತ್ತಾರೆ, ಎರಡನೇ ಸಲ ಬಡಿಸಿಕೊಳ್ಳುತ್ತಾರೆ.

ಮೀನು ಬಿಡಿ ಅಂತ ನಮ್ಮ ಊರಿನವರಿಗೆ ಹೇಳಲಿಕ್ಕಾಗುತ್ತದಾ? ಬಿಡುವುದು ಬೇಡ, ದುಬಾರಿ ಅಂಜಲ್ ಬಿಟ್ಟು ಅಗ್ಗದ ಬೂತಾಯಿಗೆ ಬನ್ನಿ. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟಿಗೆ ನಿಷೇಧ, ಆಗ ಸಿಗುವ ಮೀನಿನ ರೇಟ್ ಕೇಳಿಯೇ ಹೊಟ್ಟೆ ತುಂಬುತ್ತದೆ. ಆ ಎರಡು ತಿಂಗಳು ನಮ್ಮಲ್ಲಿ ಒಣಮೀನು, ಕೆಸುವಿನ ಎಲೆಯ ಪತ್ರೊಡೆ, ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ. ಹಳಬರು ಆಟಿ ತಿಂಗಳನ್ನು ದಾಟಿದ್ದು ಹೀಗೆಯೇ. ಬಾಡಿಗೆ ಮನೆಯಾದರೂ ಎರಡು ಸಿಮೆಂಟ್ ಚೀಲದಲ್ಲಿ ಬಸಳೆ ಬಳ್ಳಿ ಊರಿ. ಒಂದು ತುಂಡು ದಂಟು ಸಾಕು, ನೆರೆಮನೆಯವರು ಸುಮ್ನೆ ಕೊಡುತ್ತಾರೆ. ಕಾಯಿಯ ರೇಟಂತೂ ಹೇಳುವುದು ಬೇಡ. ಗಸಿ ದಿನವೂ ಬೇಕಾಗಿಲ್ಲ, ವಾರಕ್ಕೆ ಮೂರು ದಿನ ಕಾಯಿ ಹಾಕದ ಸಾರು ಮಾಡಿ.

ಶನಿವಾರ ಡಬ್ಬಿಯಲ್ಲಿ ಉಳಿದದ್ದನ್ನು ನಾನು ಪಿಗ್ಮಿಯವರಿಗೆ, ಅಂದರೆ ಮನೆಗೆ ಬಂದು ಸಣ್ಣ ಉಳಿತಾಯ ತಗೊಂಡು ಹೋಗುವವರಿಗೆ ಕೊಡುತ್ತೇನೆ. ಪಿಗ್ಮಿ ಹುಟ್ಟಿದ್ದೇ ನಮ್ಮ ಉಡುಪಿಯಲ್ಲಿ, 1928ರಲ್ಲಿ, ಆಗ ದಿನಕ್ಕೆ ಎರಡಾಣೆ. ಆದರೆ ನಿಮಗೆ ಈಗ ಪಿಗ್ಮಿಯೂ ಬೇಡ. ಅದರ ಬಡ್ಡಿ ಎಲ್ಲಿ, ಕಾರ್ಡಿನ ಬಡ್ಡಿ ಎಲ್ಲಿ? ಆಸ್ಪತ್ರೆ ಖರ್ಚು ಅಂತ ಹತ್ತು ಸಾವಿರ ಬದಿಗಿಟ್ಟು, ಉಳಿದದ್ದನ್ನು ಅದೇ ಶನಿವಾರ ಸಾಲಕ್ಕೆ ಕಟ್ಟಿ. ಭಾನುವಾರದ ತನಕ ಇಟ್ಟರೆ ಅದು ಐಸ್‌ಕ್ರೀಮ್ ಆಗುತ್ತದೆ.

ಆಟೋ ಚಾಲಕ, ಕಿನ್ನಿಗೋಳಿ

ಕೆಲಸಕ್ಕೆ ಬೈಕಿನಲ್ಲಿ ಹೋಗ್ತೀರಂತೆ, ಕಾರು ತಿಂಗಳಿಗೆ ನಾಲ್ಕೈದು ಸಲ ತೆಗೆಯುವುದಂತೆ. 7,800 ಕಂತು, ಅದರ ಮೇಲೆ ಇನ್ಶೂರೆನ್ಸ್, ಸರ್ವಿಸ್. ಅಂದರೆ ಒಂದು ಸಲ ಗೇಟು ದಾಟಿಸಿದರೆ ಹತ್ತಿರ ಎರಡು ಸಾವಿರ, ಪೆಟ್ರೋಲ್ ಬೇರೆ. ಆ ದುಡ್ಡಿಗೆ ನಾನು ನಿಮ್ಮನ್ನು ಕಟೀಲಿಗೆ ಕರಕೊಂಡು ಹೋಗಿ, ಊಟ ಮುಗಿಯುವ ತನಕ ಕಾದು, ಮನೆಗೆ ಬಿಟ್ಟು ಬರುತ್ತೇನೆ, ಮತ್ತೂ ಉಳಿಯುತ್ತದೆ. ಅಮ್ಮನಿಗೆ ಆಸ್ಪತ್ರೆಗೆ ಬೇಕು ಅಂತೀರಿ, ಅದಕ್ಕೇ ಅಲ್ವಾ ನಾವಿರುವುದು?

ಸಾಲ ಇರುವ ಕಾರನ್ನು ಮಾರಬಹುದು. ಬ್ಯಾಂಕಿನಿಂದ ಇವತ್ತಿಗೆ ಎಷ್ಟು ಕಟ್ಟಬೇಕು ಅಂತ ಪತ್ರ ತಗೊಳ್ಳಿ, ತಗೊಳ್ಳುವವರ ದುಡ್ಡಿನಿಂದ ಅದನ್ನು ಮುಗಿಸಿ, ಎನ್‌ಒಸಿ (ಸಾಲ ಬಾಕಿ ಇಲ್ಲ ಎಂಬ ಪತ್ರ) ಮತ್ತು ಫಾರ್ಮ್ 35 ತಂದು ಆರ್‌ಟಿಒದಲ್ಲಿ ಆರ್‌ಸಿಯ ಮೇಲಿನ ಬ್ಯಾಂಕಿನ ಹೆಸರು ತೆಗೆಸಿ. ಆರ್‌ಸಿ ಅವರ ಹೆಸರಿಗೆ ಆಗುವ ತನಕ ಬಿಡಬೇಡಿ, ಇಲ್ಲದಿದ್ದರೆ ಅವರ ಸಿಗ್ನಲ್ ಜಂಪಿಗೆ ನಿಮಗೆ ದಂಡ ಬರುತ್ತದೆ.

ಅಂಗನವಾಡಿ ಕಾರ್ಯಕರ್ತೆ, ಕಾರ್ಕಳ

ಒಂದೇ ಮಾತು. ಕಾರ್ಡ್ ತೀರಿಸಲು ಹೆಂಡತಿಯ ಹೆಸರಿನಲ್ಲಿ ಇನ್ನೊಂದು ಗುಂಪಿನಿಂದ ಸಾಲ ತೆಗೆಸಬೇಡಿ. ವಾರದ ಕಂತು ತಪ್ಪಿದರೆ ಅವಳು ಮೀಟಿಂಗಿನಲ್ಲಿ ಹತ್ತು ಜನರ ಎದುರು ತಲೆ ತಗ್ಗಿಸಿ ಕೂರಬೇಕು, ನೀವಲ್ಲ. ವಸೂಲಿಗೆ ಬಂದು ಯಾರಾದರೂ ಜೋರು ಮಾಡಿದರೆ ಹೆದರಬೇಡಿ. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಫೋನ್ ಮಾಡುವ ಹಾಗಿಲ್ಲ, ಮೈಕ್ರೋಫೈನಾನ್ಸ್ ಆದರೆ 9ರಿಂದ 6. ಕಿರುಕುಳ ಕೊಟ್ಟರೆ ಪೊಲೀಸರಿಗೆ ದೂರು ಕೊಡಬಹುದು, ಮೈಕ್ರೋಫೈನಾನ್ಸ್ ಕಿರುಕುಳ ತಡೆಯಲೆಂದೇ 2025ರಲ್ಲಿ ನಮ್ಮ ರಾಜ್ಯದಲ್ಲಿ ಕಾನೂನು ಬಂದಿದೆ.

ಬಾಡಿಗೆದಾರ, ಬಿಜೈ

ಗೃಹಜ್ಯೋತಿ ಬಾಡಿಗೆಯವರಿಗೂ ಉಂಟು, ನಿಮ್ಮ ಆಧಾರ್‌ಗೆ ಆ ಮನೆಯ ಆರ್‌ಆರ್ ನಂಬರ್ ಜೋಡಿಸಬೇಕು ಅಷ್ಟೆ. ಆದರೆ 200 ಯೂನಿಟ್ ದಾಟಿದರೆ ಇಡೀ ಬಿಲ್ ತಲೆ ಮೇಲೆ. ನಮ್ಮ ಏಪ್ರಿಲ್ ಸೆಕೆಯಲ್ಲಿ ಎಸಿ ರಾತ್ರಿಯಿಡೀ ಓಡಿದರೆ ದಾಟಿಯೇ ದಾಟುತ್ತದೆ. ಎರಡು ಗಂಟೆ ಹಾಕಿ ಆಫ್ ಮಾಡಿ ಫ್ಯಾನ್ ಹಾಕಿ. ಅಮ್ಮನ ಮಾತ್ರೆಗೆ ಜನೌಷಧಿ ಕೇಂದ್ರಕ್ಕೆ ಹೋಗಿ, ಚೀಟಿಯಲ್ಲಿ ಕಂಪೆನಿ ಹೆಸರಿನ ಬದಲು ಮದ್ದಿನ ಹೆಸರು ಬರೆದುಕೊಡಲು ಡಾಕ್ಟರಲ್ಲಿ ಕೇಳಿ. ನನ್ನ ಅಪ್ಪನ ಬಿಪಿ, ಶುಗರ್ ಮಾತ್ರೆಯ ಖರ್ಚು ಅರ್ಧಕ್ಕಿಂತ ಕೆಳಗೆ ಇಳಿಯಿತು. ಶಕ್ತಿ ಯೋಜನೆ ಮಾತ್ರ ನಮ್ಮ ಸಿಟಿಯಲ್ಲಿ ಹೆಸರಿಗೆ, ಇಲ್ಲಿ ಓಡುವುದು ಹೆಚ್ಚಾಗಿ ಪ್ರೈವೇಟ್ ಬಸ್ಸೇ ಅಲ್ವಾ!

ಓದುಗ, ಪಡುಬಿದ್ರಿ

ಕಾರು ಕೊಡುವುದೇ ಆದರೆ ಯಾವ ಮಾಡೆಲ್, ಎಷ್ಟು ಕಿಲೋಮೀಟರ್ ಓಡಿದೆ, ಒಮ್ಮೆ ತಿಳಿಸಿ. ನಾನು ನೋಡುತ್ತಿದ್ದೇನೆ. ಸಾಲ ಮಾಡಿ ಅಲ್ಲ, ದುಡ್ಡು ಕೂಡಿಟ್ಟಿದ್ದೇನೆ. ಆದರೆ ಮೊದಲು ಮನೆಯಲ್ಲಿ ಹೇಳಿ, ಆಮೇಲೆ ನನಗೆ ಹೇಳಿ.