ಟೆಸ್ಟೋಸ್ಟೆರಾನ್ ಇಂಜೆಕ್ಷನ್ ಆರಂಭಿಸಿ ಒಂಬತ್ತು ತಿಂಗಳಾಯಿತು. ರಿಪೋರ್ಟ್ ಚೆನ್ನಾಗಿದೆ, ಸುಸ್ತು ಮಾತ್ರ ಹೋಗಿಲ್ಲ

ಭದ್ರಾದಂಡೆ:

ಎಲ್ಲರಿಗೂ ನಮಸ್ಕಾರ. ನನಗೆ ನಲವತ್ತೇಳು ವರ್ಷ, ಎಂಟು ವರ್ಷಗಳಿಂದ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದೇನೆ. ಕಳೆದ ವರ್ಷ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಎರಡು ಬಾರಿ ಪರೀಕ್ಷಿಸಿದಾಗ ಟೆಸ್ಟೋಸ್ಟೆರಾನ್ 180 ಮತ್ತು 195, ಅಂದರೆ ಇರಬೇಕಾದದ್ದಕ್ಕಿಂತ ಕಡಿಮೆ ಬಂದಿತ್ತು. ಟೆಸ್ಟೋಸ್ಟೆರಾನ್ ತಯಾರಿಸಲು ತಲೆಯೊಳಗಿನ ಪಿಟ್ಯುಟರಿ ಗ್ರಂಥಿ ಕಳಿಸುವ ಎಲ್‌ಎಚ್ ಹಾರ್ಮೋನ್ ಕೂಡ ಕಡಿಮೆಯಿದ್ದುದರಿಂದ ತಲೆಯ ಎಂಆರ್‌ಐ ಮಾಡಿಸಿದರು, ಅದರಲ್ಲಿ ಏನೂ ಕಾಣಲಿಲ್ಲ. ಅಂದಿನಿಂದ ಮೂರು ವಾರಕ್ಕೊಮ್ಮೆ 250 ಮಿಲಿಗ್ರಾಂ ಟೆಸ್ಟೋಸ್ಟೆರಾನ್ ಎನಾಂಥೇಟ್ ಇಂಜೆಕ್ಷನ್ ನಡೆದಿದೆ.

ಮೊದಲ ವಾರ ನಾನು ಬೇರೆಯೇ ಮನುಷ್ಯ. ಮೂರನೆಯ ವಾರ ಬರುವ ಹೊತ್ತಿಗೆ ಮಧ್ಯಾಹ್ನ ಮೂರು ಗಂಟೆಗೆ ಫೈಲು ಬಿಚ್ಚಿಟ್ಟುಕೊಂಡು ಅದೇ ಸಾಲನ್ನು ನಾಲ್ಕು ಸಲ ಓದುತ್ತಿರುತ್ತೇನೆ, ಸಂಜೆ ಮಗಳು ಲೆಕ್ಕ ಹೇಳಿಕೊಡಿ ಎಂದು ಬಂದರೆ ಕಾರಣವಿಲ್ಲದೆ ಗದರುತ್ತೇನೆ. ಕಳೆದ ತಿಂಗಳ ರಿಪೋರ್ಟಿನಲ್ಲಿ ಟೆಸ್ಟೋಸ್ಟೆರಾನ್ 840, ಹೆಮಟೋಕ್ರಿಟ್ 52 ಎಂದಿದೆ. ಸಂಖ್ಯೆ ಇಷ್ಟು ಚೆನ್ನಾಗಿರುವಾಗ ಈ ಸುಸ್ತು ಏಕೆ? ಇಂಜೆಕ್ಷನ್ ಕೊಡುವ ಕಡೆ, ಎರಡು ವಾರಕ್ಕೊಮ್ಮೆ ಹಾಕಿಸಿಕೊಳ್ಳಿ ಎನ್ನುತ್ತಾರೆ. ಜಿಮ್‌ನಲ್ಲಿ ಪರಿಚಯವಾದವರೊಬ್ಬರು ಈಸ್ಟ್ರೋಜೆನ್ ತಗ್ಗಿಸುವ ಅನಾಸ್ಟ್ರೋಜೋಲ್ ಮಾತ್ರೆ ಸೇರಿಸಿ ಎನ್ನುತ್ತಾರೆ. ರಾತ್ರಿ ಗೊರಕೆ ಹೆಚ್ಚಾಗಿದೆ ಎಂಬುದು ಮನೆಯವರ ದೂರು, ಅದಕ್ಕೂ ಇದಕ್ಕೂ ಸಂಬಂಧವಿರಲಾರದು ಎಂದುಕೊಂಡಿದ್ದೇನೆ.

ಸೂಜಿಮೊನೆ:

ನಮಸ್ಕಾರ ಸರ್. ಪಿಟ್ಯುಟರಿ ಗಡ್ಡೆಯ ಶಸ್ತ್ರಚಿಕಿತ್ಸೆಯ ನಂತರ ಆರು ವರ್ಷಗಳಿಂದ ನಾನೂ ಇದೇ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದೇನೆ. ಮೊದಲು ಒಂದು ಪ್ರಶ್ನೆ: ಆ 840 ಬಂದ ದಿನ ಇಂಜೆಕ್ಷನ್ ಆಗಿ ಎಷ್ಟು ದಿನವಾಗಿತ್ತು? ಎನಾಂಥೇಟ್ ಮೊದಲ ಕೆಲವು ದಿನಗಳಲ್ಲಿ ರಕ್ತದಲ್ಲಿ ಏರಿ, ನಂತರ ದಿನದಿನಕ್ಕೆ ಇಳಿಯುತ್ತಾ ಹೋಗುತ್ತದೆ. ಮೂರನೆಯ ದಿನ ರಕ್ತ ಕೊಟ್ಟವರಿಗೆ ರಾಜನ ರಿಪೋರ್ಟ್, ಇಪ್ಪತ್ತನೆಯ ದಿನ ಕೊಟ್ಟವರಿಗೆ ಬಡವನ ರಿಪೋರ್ಟ್. ನನ್ನದೇ ಇಪ್ಪತ್ತನೆಯ ದಿನದ ಸಂಖ್ಯೆ 210 ಇತ್ತು, ಅದನ್ನು ನೋಡಿದ ಮೇಲೆಯೇ ನಮ್ಮ ಡಾಕ್ಟರು ಒಟ್ಟು ಪ್ರಮಾಣವನ್ನು ಹೆಚ್ಚೇನೂ ಏರಿಸದೆ, ಅದನ್ನೇ ವಾರಕ್ಕೊಮ್ಮೆ ಸಣ್ಣ ಪ್ರಮಾಣದಲ್ಲಿ ಹಂಚಿಕೊಟ್ಟರು. ಸಿಟ್ಟು, ಮಂಕು ಎರಡೂ ಒಂದೂವರೆ ತಿಂಗಳಲ್ಲಿ ತಗ್ಗಿದವು.

ಈಗಿನ 250 ಅನ್ನು ಹಾಗೆಯೇ ಇಟ್ಟು ಎರಡು ವಾರಕ್ಕೊಮ್ಮೆ ಮಾಡುವುದು ಬೇರೆ ಮಾತು, ಆಗ ತಿಂಗಳ ಒಟ್ಟು ಮದ್ದೇ ಒಂದೂವರೆ ಪಟ್ಟಾಗುತ್ತದೆ. ಏರಿಳಿತವೇ ತೊಂದರೆಯಾದವರಿಗೆ ದಿನವೂ ಹಚ್ಚುವ ಜೆಲ್ ಇದೆ, ಹೆಚ್ಚು ಕಾಲ ಉಳಿಯುವ 1000 ಮಿಲಿಗ್ರಾಂ ಟೆಸ್ಟೋಸ್ಟೆರಾನ್ ಅನ್‌ಡೆಕನೋಯೇಟ್ ಇಂಜೆಕ್ಷನ್ ಕೂಡ ಇದೆ. ಅದರ ಎರಡನೆಯ ಇಂಜೆಕ್ಷನ್ ಆರು ವಾರಕ್ಕೆ, ಆಮೇಲೆ ಹತ್ತರಿಂದ ಹದಿನಾಲ್ಕು ವಾರಕ್ಕೊಮ್ಮೆ. ಜೆಲ್ ಹಚ್ಚಿಕೊಂಡ ಜಾಗ ಮಕ್ಕಳ ಮೈಗೆ ತಾಗದಂತೆ ಮುಚ್ಚಿಕೊಳ್ಳಬೇಕು, ಕೈ ತೊಳೆದುಕೊಳ್ಳಬೇಕು.

ಹಸಿರುಪೆನ್:

ನಾನು ಹಾರ್ಮೋನ್ ಕಾಯಿಲೆಗಳ ವಿಭಾಗದಲ್ಲಿ ಕೆಲಸ ಮಾಡುವ ವೈದ್ಯ. ನಿಮ್ಮನ್ನು ನೋಡದೆ ಔಷಧ ಹೇಳಲಾರೆ, ಆದರೆ ನೀವು ಬರೆದುದರಲ್ಲಿ ನನ್ನ ಕಣ್ಣು ನಿಂತದ್ದು 840ರ ಮೇಲಲ್ಲ, 52ರ ಮೇಲೆ. ರಕ್ತದಲ್ಲಿ ಕೆಂಪುಕಣಗಳ ಪಾಲನ್ನು ಹೇಳುವ ಹೆಮಟೋಕ್ರಿಟ್ 54 ದಾಟಿದರೆ ಟೆಸ್ಟೋಸ್ಟೆರಾನನ್ನು ನಿಲ್ಲಿಸಿ, ಅದು ಇಳಿದ ಬಳಿಕ ಕಡಿಮೆ ಪ್ರಮಾಣದಲ್ಲಿ ಮತ್ತೆ ಆರಂಭಿಸುವುದು ರೂಢಿಯಲ್ಲಿರುವ ಕ್ರಮ. ಹಾಗಿರುವಾಗ ಮದ್ದನ್ನು ಸ್ವಂತ ನಿರ್ಧಾರದಿಂದ ಏರಿಸುವುದು ಅಪಾಯಕ್ಕೆ ಹತ್ತಿರ ಹೋದಂತೆ.

ಗೊರಕೆಗೂ ಇದಕ್ಕೂ ಸಂಬಂಧವಿರಬಹುದು. ನಿದ್ದೆಯಲ್ಲಿ ಉಸಿರು ಕಟ್ಟುವ ಸ್ಲೀಪ್ ಆಪ್ನಿಯಾ ಇದ್ದರೆ ಹಗಲಿನ ಸುಸ್ತು, ಏರುವ ಹೆಮಟೋಕ್ರಿಟ್, ಮುಂಜಾನೆಯ ಕಡಿಮೆ ಟೆಸ್ಟೋಸ್ಟೆರಾನ್ ಮೂರೂ ಅದರಿಂದಲೇ ಬರಬಹುದು. ಚಿಕಿತ್ಸೆಯಾಗದ ತೀವ್ರ ಆಪ್ನಿಯಾವನ್ನು ಟೆಸ್ಟೋಸ್ಟೆರಾನ್ ಇನ್ನಷ್ಟು ಹದಗೆಡಿಸಲೂಬಹುದು. ನಿದ್ರಾ ಪರೀಕ್ಷೆ ಮಾಡಿಸಿ. ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತೆಗೆದುಕೊಂಡವರಲ್ಲಿ ಬಿ12 ಕುಸಿಯಬಹುದು, ಸಸ್ಯಾಹಾರಿಗಳಾಗಿದ್ದರೆ ಆ ಸಾಧ್ಯತೆ ಇನ್ನೂ ಹೆಚ್ಚು, ಅದರಿಂದಲೂ ಸುಸ್ತು ಬರುತ್ತದೆ. ಎಲ್‌ಎಚ್ ಕಡಿಮೆಯಿರುವುದರಿಂದ ಥೈರಾಯ್ಡಿಗೆ ಪಿಟ್ಯುಟರಿಯೇ ಕಳಿಸುವ ಟಿಎಸ್‌ಎಚ್ ಒಂದನ್ನೇ ನೋಡಿದರೆ ಸಾಲದು, ಥೈರಾಯ್ಡಿನ ಸ್ವಂತ ಹಾರ್ಮೋನಾದ ಫ್ರೀ ಟಿ4 ಕೂಡ ಬೇಕು. ಪಿಟ್ಯುಟರಿಗೆ ಸಂಬಂಧಿಸಿದ ಇನ್ನೆರಡು ಹಾರ್ಮೋನುಗಳಾದ ಬೆಳಗಿನ ಕಾರ್ಟಿಸೋಲ್ ಮತ್ತು ಪ್ರೊಲ್ಯಾಕ್ಟಿನ್ ಈಗಾಗಲೇ ನೋಡಿದ್ದಾರೆಯೇ ಎಂದು ನಿಮ್ಮ ಡಾಕ್ಟರನ್ನು ಕೇಳಿ.

ಇನ್ನೊಂದು ಮಾತು. 2016ರಲ್ಲಿ ಪ್ರಕಟವಾದ, 65 ದಾಟಿದ 790 ಗಂಡಸರ ಅಮೆರಿಕದ ಪ್ರಯೋಗದಲ್ಲಿ ಕಾಮಾಸಕ್ತಿ ಮಧ್ಯಮ ಮಟ್ಟದಲ್ಲಿ ಸುಧಾರಿಸಿತೇ ಹೊರತು ದಣಿವಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಅವರು ನಿಮಗಿಂತ ಹಿರಿಯರು ನಿಜ, ಆದರೂ ಎಲ್ಲ ಸುಸ್ತಿಗೂ ಈ ಒಂದೇ ಹಾರ್ಮೋನನ್ನು ಹೊಣೆ ಮಾಡುವವರು ಅದನ್ನು ನೆನಪಿಡಬೇಕು. ಅನಾಸ್ಟ್ರೋಜೋಲ್ ಬೇಡವೇ ಬೇಡ. ಗಂಡಸಿನ ಮೂಳೆಗೂ ಕಾಮಾಸಕ್ತಿಗೂ ಒಂದಿಷ್ಟು ಈಸ್ಟ್ರೋಜೆನ್ ಬೇಕು. ಕೆಂಪುಕಣ ಹೆಚ್ಚಾಗಿ ರಕ್ತ ಗಟ್ಟಿಯಾದರೆ ಹೆಪ್ಪುಗಟ್ಟುವ ಭಯವಿರುತ್ತದೆ, ಹಾಗಾಗಿ ಒಂದು ಕಾಲು ಊದಿಕೊಂಡರೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ ಉತ್ತರಗಳಿಗೆ ಕಾಯದೆ ಆಸ್ಪತ್ರೆಗೆ ಹೋಗಿ.

ಮಲೆನಾಡತಿ:

ಗೊರಕೆಯ ವಿಷಯ ಬಂದುದರಿಂದ ಬರೆಯುತ್ತಿದ್ದೇನೆ. ನಮ್ಮ ಯಜಮಾನರದ್ದೂ ಇದೇ ಕಥೆ. ಮಧ್ಯರಾತ್ರಿ ಗೊರಕೆ ಒಮ್ಮೆಲೇ ನಿಂತುಬಿಡುತ್ತಿತ್ತು, ನಾನು ಎದ್ದು ಕುಳಿತು ಮತ್ತೆ ಉಸಿರು ಬರುವುದನ್ನು ಕಾಯುತ್ತಿದ್ದೆ. ನಿಮ್ಮ ಮನೆಯವರನ್ನು ಗೊರಕೆ ಎಷ್ಟು ಜೋರು ಎಂದು ಕೇಳಬೇಡಿ ಅಣ್ಣ, ನಡುವೆ ನಿಲ್ಲುತ್ತದೆಯೇ ಎಂದು ಕೇಳಿ. ಈಗ ಉಸಿರುದಾರಿ ಮುಚ್ಚದಂತೆ ಗಾಳಿ ಒತ್ತುವ ಸಿಪ್ಯಾಪ್ ಯಂತ್ರದ ಮಾಸ್ಕ್ ಕಟ್ಟಿಕೊಂಡು ಮಲಗುತ್ತಾರೆ. ಮೊದಲ ಹತ್ತು ದಿನ ಪಟ್ಟಿ ಕೆನ್ನೆಗೆ ಒತ್ತುತ್ತದೆಂದು ಕಿತ್ತೆಸೆಯುತ್ತಿದ್ದರು, ಆಮೇಲೆ ಹಗಲು ತೂಕಡಿಸುವುದು ನಿಂತಿತು.

ಭದ್ರಾದಂಡೆ:

ಎಲ್ಲರಿಗೂ ಕೃತಜ್ಞತೆಗಳು. ಬಿಲ್ಲುಗಳನ್ನು ತೆಗೆದು ನೋಡಿದೆ: ಇಂಜೆಕ್ಷನ್ ಸೋಮವಾರ, ರಕ್ತ ಕೊಟ್ಟದ್ದು ಅದೇ ವಾರದ ಗುರುವಾರ. ಬಿ12 ಇದುವರೆಗೆ ಒಮ್ಮೆಯೂ ಪರೀಕ್ಷೆಯಾಗಿಲ್ಲ. ಗೊರಕೆ ನಡುವೆ ನಿಲ್ಲುತ್ತದೆಯೇ ಎಂದು ಕೇಳಿದ್ದಕ್ಕೆ, ಇಷ್ಟು ದಿನ ಅದನ್ನೇ ತಾನೇ ಹೇಳುತ್ತಿದ್ದುದು ಎಂದರು. ಮುಂದಿನ ಇಂಜೆಕ್ಷನ್ ಬರುವ ಸೋಮವಾರವಿದೆ. ಪರೀಕ್ಷೆಗಾಗಿ ಅದನ್ನು ಮುಂದೂಡಬೇಕೇ?

ಹಸಿರುಪೆನ್:

ಮುಂದೂಡುವ ಮೊದಲು ನಿಮ್ಮ ಡಾಕ್ಟರಿಗೆ ಫೋನ್ ಮಾಡಿ ಈ 52 ಮತ್ತು ಗೊರಕೆ ಎರಡನ್ನೂ ತಿಳಿಸಿ. ಅವರು ಇಂಜೆಕ್ಷನ್ ಮುಂದುವರಿಸಿ ಎಂದರೆ, ಸೋಮವಾರ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಮೊದಲು ರಕ್ತ ಕೊಡಿ, ಇಂಜೆಕ್ಷನ್ ಆಮೇಲೆ. ಮುಂದಿನ ಸುತ್ತಿನಲ್ಲಿ ಹತ್ತನೆಯ ದಿನದ ಸುಮಾರಿಗೆ ಇನ್ನೊಮ್ಮೆ ನೋಡಬೇಕಾದೀತು. ರಿಪೋರ್ಟಿನ ಮೇಲೆ ಇಂಜೆಕ್ಷನ್ ಆಗಿ ಎಷ್ಟನೆಯ ದಿನ ಎಂಬುದನ್ನು ಪೆನ್ನಿನಲ್ಲಿ ಬರೆದುಕೊಂಡೇ ಹೋಗಿ.